ಗಿರಿಜಾ, ಅಪ್ಪಗ ಕೇಳೋ ಹಂಗ ಓದು

ಕೇಂಬ್ರಿಡ್ಜ್, ಭಾನುವಾರ

ಅವ್ವಗ ನಿನ್ನ ಮಗಳ ಶರಣು. ನಾ ಆರಾಮ ಅದೀನಿ. ನೀ ಕಟ್ಟಿ ಕೊಟ್ಟ ಶೇಂಗಾ ಚಟ್ನಿಪುಡಿ ಮುಗೀತು, ಕಟಕ್ ರೊಟ್ಟಿ ನಾಕು ಉಳದಾವ. ತಂಗಿ ಗಿರಿಜಾ, ಇಲ್ಲಿಂದ ಮುಂದ ಜೋರ ಓದು, ಅಪ್ಪ ಕಟ್ಟಿ ಮ್ಯಾಲ ಕುಂತಿರ್ತಾನ.

ಇಲ್ಲಿ ಡಿಗ್ರಿ ಕೊಡೋ ಜಾಗಕ್ಕ ಸೆನೆಟ್ ಹೌಸ್ ಅಂತಾರ. ದಿನಾ ಅದರ ಮುಂದ ಹಾದು ಹೋಗ್ತೀನಿ. 1897ರಾಗ ಹೆಣ್ಣಮಕ್ಕಳಿಗೂ ಡಿಗ್ರಿ ಕೊಡಬೇಕೋ ಬ್ಯಾಡೋ ಅಂತ ವೋಟಿಗೆ ಹಾಕಿದ್ರು. ಆ ದಿನ ಹುಡುಗರು ಸೈಕಲ್ ಮ್ಯಾಲ ಕುಂತ ಹೆಣ್ಣಿನ ಬೊಂಬಿ ಮಾಡಿ ಅದರ ಎದುರಿಗೇ ಜೋತು ಬಿಟ್ಟಿದ್ರು. ವೋಟಿನಾಗ ಹೆಣ್ಣಮಕ್ಕಳಿಗೆ ಸೋಲಾತು. ಅದಕ್ಕೂ ಮೊದಲ, 1890ರಾಗ, ಫಿಲಿಪ್ಪಾ ಫಾಸೆಟ್ ಅನ್ನಾಕಿ ಗಣಿತದ ಪರೀಕ್ಷೆದಾಗ ಎಲ್ಲಾ ಗಂಡಹುಡುಗರನ್ನ ಹಿಂದ ಹಾಕಿದ್ಲು. ಫಸ್ಟ್ ಬಂದ ಬಿರುದು ಮಾತ್ರ ಅಕಿ ಹಿಂದಿನ ಹುಡುಗಗ! ಹೆಣ್ಣಮಕ್ಕಳಿಗೆ ಪೂರಾ ಡಿಗ್ರಿ ಸಿಕ್ಕಿದ್ದು 1948ರಾಗ, ನಮ್ಮ ರಾಯಚೂರು ನಿಜಾಮನ ಕೈಯಿಂದ ಬಿಡುಗಡೆ ಆದ ವರ್ಷನ.

ಸೈಕಲ್ ಅಂದಕೂಡ್ಲೆ ನೆನಪಾತು. ಎಂಟನೇ ಕ್ಲಾಸಿನಾಗ ನನಗ ಬಂದ ಸರ್ಕಾರದ ಸೈಕಲ್ ಓಡಿಸಿದ್ದು ಅಣ್ಣ. ನಾ ನಡಕೋತ ಹೋಗ್ತಿದ್ದೆ. ಸಿಟ್ಟಿಲ್ಲ ಅಂದ್ರ ಸುಳ್ಳಾಗ್ತೈತಿ.

ಈಗ ಇಡೀ ಯುನಿವರ್ಸಿಟಿ ನೋಡಿದ್ರ ಗಂಡು ಹೆಣ್ಣು ಹತ್ತತ್ರ ಸಮ. ನಮ್ಮ ಇಂಜಿನಿಯರಿಂಗ್ ಲ್ಯಾಬಿನಾಗ ಮಾತ್ರ 13 ಮಂದಿಗೆ ನಾವಿಬ್ಬರು. ಯಾರೂ ಬಾಗಿಲಾಗ ನಿಂತು ತಡಿಯಂಗಿಲ್ಲ, ಆದ್ರ ಅರ್ಜಿನ ಹಾಕದಿದ್ರ ಬರೋದು ಹೆಂಗ?

ನಮ್ಮ ಧಾರವಾಡದ್ದು ಸೇರಿ ಐಐಟಿಗಳು 2018ರಿಂದ ಹುಡುಗಿಯರಿಗೆ ಹೆಚ್ಚಿನ ಸೀಟು ಇಟ್ಟಾವ. ಮೊದಲು ನೂರಕ್ಕ 10 ಹುಡುಗಿಯರೂ ಇರ್ತಿರಲಿಲ್ಲ, ಅದನ್ನ 20ಕ್ಕ ಮುಟ್ಟಿಸಬೇಕಂತ. ಹುಡುಗರ ಸೀಟಿಗೆ ಕೈ ಹಚ್ಚಿಲ್ಲ. ಈ ಮಾತು ಎರಡು ಸಲ ಓದು ಗಿರಿಜಾ; ಹೋದ ಸಲ ಫೋನಿನಾಗ ಅಪ್ಪ "ಹುಡುಗರದ್ದು ಕಸಗೊಂಡಂಗಲ್ಲೇನು" ಅಂದಿದ್ದ.

ಅಣ್ಣ ಎರಡು ವರ್ಷ ಹೈದರಾಬಾದಿನಾಗ ಕೋಚಿಂಗ್ ಮಾಡಿದ. ಹತ್ತಿ ಮಾರಿದ ರೊಕ್ಕ ಪೂರಾ ಹೋತು, ಯಾರೂ ತುಟಿ ಬಿಚ್ಚಲಿಲ್ಲ. ಗಿರಿಜಾನ್ನ ಐಐಟಿಗೆ ಓದಸೋಣು ಅಂದ್ರ "ಅಷ್ಟು ದೂರ ಯಾಕ, ಸಿಂಧನೂರಾಗ ಸಾಕು" ಅಂತೀರಿ. ಅವ್ವಾ, ನೀನೂ ಹಂಗ ಅಂದಿ. ನಾಕನೇ ಕ್ಲಾಸಿಗೆ ನಿನ್ನ ಶಾಲಿ ಬಿಡಿಸಿದ್ದು ಹೊಳಿ ದಾಟಬೇಕು ಅಂತಲ್ಲೇನು?

ಸ್ಕಾಲರ್‌ಶಿಪ್ಪಿನಾಗ ಸ್ವಲ್ಪ ಉಳಿಸೀನಿ, ಗಿರಿಜಾನ ಹಾಸ್ಟೆಲ್ ಫೀಜು ನಾ ಕಟ್ತೀನಿ. ಐಐಟಿ ಫಾರ್ಮ್ ತುಂಬೋ ದಿನ ಅಪ್ಪ ಅಕಿ ಕೂಡ ನೆಟ್ ಸೆಂಟರಿಗೆ ಹೋಗಲಿ, ಅಣ್ಣನ್ನ ಕಳಸಬ್ಯಾಡ್ರಿ. ಅಕಿ ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು ಟ್ರಂಕಿನಾಗ ಅದಾವ. ಕೀಲಿ ದೇವರ ಮನಿ ಗೂಟಕ್ಕ ಐತಿ.

ನಿನ್ನ ಮಗಳು