ತಲೆಗೆ ಹಂಡೆ ಕವುಚಿಕೊಂಡು ನೀರಿಗಿಳಿದದ್ದು

ಲೋ ಗುಂಡ,

ವಾಟ್ಸಾಪ್‌ನಲ್ಲಿ ಕಳಿಸಿದರೆ ಹೆಬ್ಬೆರಳು ಒತ್ತಿ ಸುಮ್ಮನಾಗ್ತೀಯ. ಅದಕ್ಕೇ ಊರವರೆಲ್ಲ ಓದೋ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ಹೆದರಬೇಡ, ಭಟ್ಟರ ಕೊಡೆ ವಿಷಯ ಎತ್ತುವುದಿಲ್ಲ.

ಹೋದ ಶನಿವಾರ ನಾನು ತಲೆಗೆ ತಾಮ್ರದ ಹಂಡೆ ಕವುಚಿಕೊಂಡು ನೀರಿನ ತಳದಲ್ಲಿ ಓಡಾಡಿ ಬಂದೆ. ತಮಾಷೆಯಲ್ಲ ಮಾರಾಯ. ಫ್ಲಾರಿಡಾದ ಒಳನಾಡಿನಲ್ಲಿ, ಓಕಾಲಾ ಕಡೆ, ನೆಲದಡಿ ಪೂರ್ತಿ ಸುಣ್ಣಕಲ್ಲು. ಅದರ ಬಿರುಕುಗಳಿಂದ ನೀರು ಉಕ್ಕುವ ಚಿಲುಮೆಗಳು ನೂರಾರು. ಬೇಸಿಗೆಯಿರಲಿ, ಚಳಿಯಿರಲಿ, ನೀರು 22 ಡಿಗ್ರಿ ಆಸುಪಾಸೇ. ತಿಳಿ ಅಂದರೆ ಎಂಥ ತಿಳಿ! 20 ಅಡಿ ಕೆಳಗೆ ಬಿದ್ದ ಎಲೆ ಅಂಗೈ ಮೇಲಿದ್ದಂತೆ ಕಾಣುತ್ತದೆ. ಹಳೇ ಕಾಲದ ಮುಳುಗು ಸಾಮಾನಿನ ಹುಚ್ಚು ಹಿಡಿದ ಕೆಲವರು ಅಲ್ಲಿ ಸೇರಿದ್ದರು.

ನನಗೆ ಸಿಕ್ಕಿದ್ದು ಮಾರ್ಕ್ 5 ಅನ್ನೋ ಮುಳುಗು ಉಡುಪು. ಅಮೆರಿಕದ ನೌಕಾಪಡೆ 1916ರಲ್ಲಿ ತಂದು 1980ರ ದಶಕದವರೆಗೂ ಬಳಸಿದ ವೇಷ. ವೇಷ ಅಂತಲೇ ಅನ್ನಬೇಕು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷ ಕಟ್ಟೋ ಹಾಗೆ ಇಬ್ಬರು ಸೇರಿ ಕಟ್ಟಿದರು. ರಬ್ಬರು ಹಾಕಿದ ದಪ್ಪ ಕ್ಯಾನ್ವಾಸಿನ ಉಡುಪು. ಒಂದೊಂದೂ 8 ಕಿಲೋದ ಬೂಟು. ಸೊಂಟಕ್ಕೆ 38 ಕಿಲೋದ ಸೀಸದ ಬೆಲ್ಟು. ಭುಜದ ಮೇಲೆ ತಾಮ್ರದ ಕವಚ, ಅದಕ್ಕೆ 12 ಬೋಲ್ಟು. ಕೊನೆಗೆ ಹಂಡೆ. ಅದನ್ನು ಎಂಟನೇ ಒಂದು ಸುತ್ತು ತಿರುಗಿಸಿದರೆ ಸಾಕು, ಕಟಕ್ ಅಂತ ಕೂತುಬಿಡುತ್ತದೆ. ಎಲ್ಲ ಸೇರಿ ಸುಮಾರು 85 ಕಿಲೋ. ನಾನು 64. ಬೆಂಚಿನಿಂದ ಮೆಟ್ಟಿಲಿಗೆ ಹತ್ತೇ ಹೆಜ್ಜೆ. ಗೊಮ್ಮಟ ನಡೆಯೋಕೆ ಕಲಿತ ಹಾಗಿತ್ತು ಅಂತೆ, ನೋಡಿದವರು ಹೇಳಿದ್ದು.

ಕೆಳಗೆ ನಿಶ್ಶಬ್ದ ಇರುತ್ತೆ ಅಂದುಕೊಂಡಿದ್ದೆ. ಸುಳ್ಳು. ಕೊಳವೆಯಿಂದ ಬರುವ ಗಾಳಿ ಕಿವಿ ಪಕ್ಕ ಕುಕ್ಕರ್ ಇಟ್ಟ ಹಾಗೆ ಬುಸುಗುಡುತ್ತದೆ. ಗಾಳಿ ಜಾಸ್ತಿಯಾದರೆ ಉಡುಪು ಪೂರಿಯಂತೆ ಉಬ್ಬಿ ಮನುಷ್ಯನನ್ನೇ ಮೇಲಕ್ಕೆಸೆಯುತ್ತದೆ. ಅದಕ್ಕೆ ಒಳಗಿನ ಗುಂಡಿಯನ್ನು ಗದ್ದದಿಂದ ಒತ್ತಿ ಗಾಳಿ ಬಿಡುತ್ತಿರಬೇಕು. ಗಾಜು ಮಬ್ಬಾದರೆ ಒಂದು ಪುಟ್ಟ ನಲ್ಲಿ ತಿರುಗಿಸಿ, ಹೊರಗಿನ ನೀರನ್ನೇ ಬಾಯಿಗೆ ಎಳೆದುಕೊಂಡು ಗಾಜಿಗೆ ಉಗುಳಬೇಕು. ಎಲೆಯಡಿಕೆ ಊರಿನವರಿಗೆ ಉಗುಳೋದು ಯಾರೂ ಕಲಿಸಬೇಕಿಲ್ಲ, ಅಲ್ವಾ?

ಇದೇ ರಾಜ್ಯದ ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ 1905ರಿಂದ ಗ್ರೀಕರು ಇಂಥದೇ ಹಂಡೆ ಹಾಕಿಕೊಂಡು ಸಮುದ್ರದ ಸ್ಪಂಜು ಕೀಳುತ್ತಿದ್ದರು. ಅವರದು ಹೊಟ್ಟೆಪಾಡು. ನಮ್ಮದು ಶನಿವಾರ.

ನಿನಗೆ ಹೇಳಬೇಕಾದ್ದು ಹಗ್ಗದ ವಿಷಯ. ನನ್ನ ಹಂಡೆಯಲ್ಲಿ ಫೋನಿನ ತಂತಿ ಇರಲಿಲ್ಲ, ಹಗ್ಗವೇ ಮಾತು. ಮೇಲಿನವರು ಒಂದು ಸಲ ಎಳೆದರೆ ‘ಆರಾಮಾ?’ ನಾನು ಒಂದು ಸಲ ಎಳೆದರೆ ‘ಆರಾಮ’. ನಾಲ್ಕು ಅಂದರೆ ಮೇಲೆತ್ತಿ. ಎರಡೆರಡರಂತೆ ಮೂರು ಸಲ ಎಳೆದರೆ, ಸಿಕ್ಕಿಹಾಕಿಕೊಂಡಿದ್ದೇನೆ, ಇನ್ನೊಬ್ಬರನ್ನು ಕಳಿಸಿ. ಮೂರು ಮೂರರಂತೆ ಮೂರು ಸಲ ಎಳೆದರೆ, ಸಿಕ್ಕಿಹಾಕಿಕೊಂಡಿದ್ದೇನೆ, ನಾನೇ ಬಿಡಿಸಿಕೊಳ್ಳುತ್ತೇನೆ.

ತಳದಲ್ಲಿ ಒಂದು ಕಡೆ ನೀರು ಹೊರಬಂದು ಬಿಳಿ ಮರಳು ಗಂಜಿ ಕುದಿಯೋ ಹಾಗೆ ಕೊತಕೊತ ಅನ್ನುತ್ತಿತ್ತು. ಅದನ್ನೇ ನೋಡುತ್ತಾ ನಿಂತಿದ್ದೆ. ಹಗ್ಗ ಒಂದು ಸಲ ಜಗ್ಗಿತು. ಆರಾಮಾ?

ಕೈ ಎತ್ತಲಿಲ್ಲ ಮಾರಾಯ. ಮತ್ತೆ ಜಗ್ಗಿತು. ಆಗಲೂ ಇಲ್ಲ. ಭಯ ಅಲ್ಲ, ಏನೂ ತೊಂದರೆ ಇರಲಿಲ್ಲ. ಉತ್ತರ ಏನು ಅಂತ ಗೊತ್ತಾಗಲಿಲ್ಲ, ಅಷ್ಟೇ.

ಫೆಬ್ರವರಿಯಲ್ಲಿ ನನ್ನ ಕೆಲಸ ಹೋಗಿತ್ತು. ನೀನು ಪ್ರತಿ ಭಾನುವಾರ ‘ಹೆಂಗಿದ್ದೀಯ’ ಅಂತ ಕೇಳಿದೆ, ನಾನು ಪ್ರತಿ ಭಾನುವಾರ ‘ಸೂಪರ್’ ಅಂದೆ. ನಮ್ಮಂಥ ವೀಸಾದವರಿಗೆ ಬೇರೆ ಕೆಲಸ ಹುಡುಕೋಕೆ 60 ದಿನ. ಮೊದಲ ಮೂರು ವಾರ ಮನೆಯಲ್ಲೂ ಹೇಳಿರಲಿಲ್ಲ. ಬೆಳಿಗ್ಗೆ ಬ್ಯಾಗ್ ಹಿಡಿದು, ಊಟದ ಡಬ್ಬಿ ಸಮೇತ, ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಒಂದು ದಿನ ಡಬ್ಬಿಯಲ್ಲಿ ಚಿತ್ರಾನ್ನದ ಜೊತೆ ಒಂದು ಚೀಟಿ ಇತ್ತು, ‘ಆಲ್ ದಿ ಬೆಸ್ಟ್’ ಅಂತ. ಹೆಂಡತಿಗೆ ಯಾವಾಗಲೋ ಗೊತ್ತಾಗಿತ್ತು. ಕಾರಿನಲ್ಲಿ ಕೂತು ಅತ್ತುಬಿಟ್ಟೆ. ನಿನ್ನ ನಂಬರ್ ತೆಗೆದು ನೋಡಿದೆ, ಒತ್ತಲಿಲ್ಲ. ನಿಮ್ಮ ತೋಟದ ಬಾವಿಯಲ್ಲಿ ನನ್ನ ಸೊಂಟದ ಹಗ್ಗ ಹಿಡಿದು ಈಜು ಕಲಿಸಿದವನು ನೀನು. ನಿನಗೇ ಹೇಳೋಕೆ ನಾಚಿಕೆ.

ಇಷ್ಟೆಲ್ಲ ಬರೆಯೋ ಉದ್ದೇಶ ಇರಲಿಲ್ಲ. ಎರಡು ಸಲ ಅಳಿಸಿದೆ. ಇರಲಿ ಬಿಡು, ಅಮ್ಮನಿಗೆ ಫೇಸ್‌ಬುಕ್ ಇಲ್ಲ. ಈಗ ಕೆಲಸ ಸಿಕ್ಕಿದೆ, ಓದುತ್ತಿರುವ ಉಳಿದವರು ದುಡ್ಡು ಕಳಿಸಬೇಕಾಗಿಲ್ಲ. ಕಳಿಸಲೇಬೇಕು ಅಂದರೆ ಬೇಡ ಅನ್ನೋದಿಲ್ಲ.

ಕೊನೆಗೆ ಒಂದು ಸಲ ಎಳೆದೆ. ಮೇಲೆ ಬಂದ ಮೇಲೆ ಹಗ್ಗ ಹಿಡಿದಿದ್ದ ಅಜ್ಜ ಬೈದ. ಇನ್ನೊಂದು ಸಲ ಸುಮ್ನಿದ್ದಿದ್ದರೆ ಎಳೆದೇ ಬಿಡ್ತಿದ್ದೆ ಅಂದ. ಮೂಗು ತುರಿಸುತ್ತಿತ್ತು ಅಂದೆ. ಅದೂ ಸುಳ್ಳಲ್ಲ. ಹಂಡೆಯೊಳಗೆ ಮೂಗಿಗೆ ಕೈ ಹೋಗೋದಿಲ್ಲ, ಗೋಡೆಗೆ ಉಜ್ಜೋ ಎಮ್ಮೆಯ ಹಾಗೆ ಗಾಜಿಗೆ ಉಜ್ಜಬೇಕು.

ಫೋಟೋ ಹಾಕಿದ್ದೇನೆ. ಒಳಗಿರೋದು ನಾನೇ, ನಿನ್ನಾಣೆ. ನಿಮ್ಮಮ್ಮನಿಗೆ ತೋರಿಸು. ಆ ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಎಷ್ಟು ದಿನ ಆಯ್ತು ಅಂತ ಕೇಳೇ ಕೇಳ್ತಾರೆ.

ನಿನ್ನ,
64 ಕಿಲೋ