ಅಷ್ಟು ಚಿಕ್ಕ ನಕ್ಷತ್ರ ಯಾರ ಕಣ್ಣಿಗೆ ಕಾಣಬೇಕು ಸ್ವಾಮಿ?

ಸಂಪಾದಕರೇ,

ಹೋದ ವಾರ ಮುಖಪುಟದಲ್ಲಿ ಹಾಕಿದ ಸಿಟಿ ಕೌನ್ಸಿಲ್ ಅಭ್ಯರ್ಥಿಯ ಸುದ್ದಿ ನೋಡಿದೆ. ‘ಎಂಡಾರ್ಸ್‌ಮೆಂಟ್‌ಗಳ ಸುರಿಮಳೆ’ ಅಂತ ತಲೆಬರಹ ಬೇರೆ, ಅಂದರೆ ‘ಇವರಿಗೆ ನಮ್ಮ ಬೆಂಬಲ’ ಅನ್ನೋ ಮಾತುಗಳು. ಮಳೆ ಅಲ್ಲ ಸ್ವಾಮಿ, ಅದು ಟ್ಯಾಂಕರ್ ನೀರು. ದುಡ್ಡು ಕೊಟ್ಟು ತರಿಸಿದ್ದು.

ನೀವು ಫೋಟೋ ಹಾಕಿದ, ‘ಇವರಿಗೆ ಓಟು ಹಾಕಿ’ ಅನ್ನೋ ಆ ಕಾರ್ಡು ನಮ್ಮ ಮನೆಗೂ ಬಂದಿತ್ತು. ಈ ಕಡೆ ಯಾರ ಮನೆಗೆ ಬಂದಿಲ್ಲ ಹೇಳಿ. ಮೇಲೆ ಪಕ್ಷದ್ದೇ ಇರಬೇಕು ಅನ್ನಿಸುವಂಥ ದೊಡ್ಡ ಅಕ್ಷರ, ಮೊದಲಿಗೆ ಗವರ್ನರ್ ಅಭ್ಯರ್ಥಿ, ಆಮೇಲೆ ಸಾಲಾಗಿ ನಮ್ಮ ಸಿಟಿ ಕೌನ್ಸಿಲ್, ಸ್ಕೂಲ್ ಬೋರ್ಡ್. ಭಾನುವಾರ ತಿಂಡಿ ತಿಂದು, ಅಂಚೆಯಲ್ಲಿ ಮನೆಗೇ ಬಂದ ಬ್ಯಾಲೆಟ್ ಹರಡಿಕೊಂಡು ಕೂತವನು ಏಳುವಾಗ ಮಧ್ಯಾಹ್ನ ಒಂದೂವರೆ. ಎರಡು ಹಾಳೆ, ಎರಡೂ ಕಡೆ ಅಚ್ಚು. ಜನರೇ ಓಟು ಹಾಕಿ ತೀರ್ಮಾನಿಸೋ ಪ್ರೊಪೊಸಿಷನ್‌ಗಳು, ಹೆಸರೇ ಕೇಳದ ಜಡ್ಜ್‌ಗಳು, ಮನೆ ತೆರಿಗೆ ಜಾಸ್ತಿ ಮಾಡೋ ಸರ್ಕಾರಿ ಸಾಲದ ಬಾಂಡ್‌ಗಳು. ಕ್ಯಾಲಿಫೋರ್ನಿಯಾದಲ್ಲಿ ಸಿಟಿ ಕೌನ್ಸಿಲ್ ಥರದ ಲೋಕಲ್ ಹುದ್ದೆಗಳಿಗೆ ಬ್ಯಾಲೆಟ್ ಮೇಲೆ ಪಕ್ಷದ ಹೆಸರೇ ಇರುವುದಿಲ್ಲ. ಅಭ್ಯರ್ಥಿಯ ಹೆಸರು, ಕೆಳಗೆ ಕಸುಬು, ಅದೂ ಮೂರು ಪದ ಮೀರುವ ಹಾಗಿಲ್ಲ. ‘ಸ್ಮಾಲ್ ಬಿಸಿನೆಸ್ ಓನರ್’ ಅಂತ ಇದ್ದರೆ ನಾನು ಏನು ತಿಳ್ಕೊಬೇಕು? ದೋಸೆ ಹೋಟೆಲ್ ಇಟ್ಟಿದ್ದಾರೋ, ಅಪಾರ್ಟ್‌ಮೆಂಟ್ ಕಟ್ಟಿಸಿ ಮಾರ್ತಾರೋ? ಅದಕ್ಕೇ ಕಾರ್ಡು ಪಕ್ಕದಲ್ಲಿಟ್ಟುಕೊಂಡು ಅದನ್ನೇ ನೋಡಿ ಗುರುತು ಹಾಕಿದೆ.

ನಮ್ಮ ಅತ್ತೆಗೆ 74. ಸಿಟಿಜನ್ ಆದಮೇಲೆ ಇದೇ ಮೊದಲ ಓಟು. ಅವರು ಕೇಳಿದರು ಅಂತ ಅವರಿಗೂ ಅದೇ ಹೆಸರುಗಳನ್ನು ಓದಿ ಹೇಳಿದೆ. ಸೋಮವಾರ ಆಫೀಸಿಗೆ ಹೋಗುವಾಗ ಲಕೋಟೆಗಳನ್ನು ಡ್ರಾಪ್ ಬಾಕ್ಸ್‌ಗೆ ಹಾಕಿ ಬಂದೆ.

ಮಂಗಳವಾರ ರಾತ್ರಿ ಆ ಕಾರ್ಡಿನ ಮೇಲೆ ಕಾಫಿ ಲೋಟ ಇಡೋಕೆ ಹೋದಾಗ ಮಗಳು ತೋರಿಸಿದಳು. ಹೆಸರಿನ ಪಕ್ಕ ಒಂದು ನಕ್ಷತ್ರ. ಸಾಸಿವೆ ಕಾಳಿನಷ್ಟು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ವಿವರಣೆ: ಇದನ್ನು ಮಾಡಿದವರು ಯಾವ ಪಕ್ಷದ ಅಧಿಕೃತ ಸಂಸ್ಥೆಯೂ ಅಲ್ಲ, ನಕ್ಷತ್ರ ಇರುವವರು ದುಡ್ಡು ಕೊಟ್ಟು ಹೆಸರು ಹಾಕಿಸಿಕೊಂಡಿದ್ದಾರೆ. ಇದಕ್ಕೆ ಸ್ಲೇಟ್ ಮೇಲರ್ ಅಂತಾರಂತೆ. ನಕ್ಷತ್ರ ಹಾಕಲೇಬೇಕು ಅಂತ ರಾಜ್ಯದ ಕಾನೂನೇ ಇದೆ. ಹಾಕಿದ್ದಾರಲ್ಲ, ಇನ್ನೇನು! ಗವರ್ನರ್ ಅಭ್ಯರ್ಥಿ ಪಕ್ಕ ಮಾತ್ರ ನಕ್ಷತ್ರ ಇಲ್ಲ. ಅವರಿಗೆ ಪುಕ್ಕಟೆ ಜಾಗ, ಅವರ ಪಕ್ಕದಲ್ಲಿ ದುಡ್ಡು ಕೊಟ್ಟವರು. ಮದುವೆ ಮನೆಯಲ್ಲಿ ಮಂತ್ರಿ ಬಂದಾಗ ನುಗ್ಗಿ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳೋ ಹಾಗೆ.

ಹಾಕಿದ ಬ್ಯಾಲೆಟ್ ವಾಪಸ್ ಕೊಡಿ ಅನ್ನೋಕಾಗುತ್ತಾ? ಅತ್ತೆ ಈಗ ದಿನಾ ಊಟಕ್ಕೆ ಕೂತಾಗ ಕೇಳ್ತಾರೆ, ‘ಏನು ಅಳಿಯಂದ್ರೆ, ದುಡ್ಡು ಕೊಟ್ಟೋರಿಗೇ ಓಟು ಹಾಕಿಸಿದ್ರಾ ನನ್ನ ಕೈಲಿ?’ ಹೆಂಡತಿ ನಗುತ್ತಾಳೆ. ನಾನು ಸಾರು ಬಡಿಸಿಕೊಳ್ತೀನಿ.

ಅಷ್ಟು ಸಾಲದು ಅಂತ ಶುಕ್ರವಾರ ಕೌಂಟಿ ಚುನಾವಣಾ ಕಚೇರಿಯಿಂದ ಪತ್ರ. ಲಕೋಟೆ ಮೇಲಿನ ಅತ್ತೆಯವರ ಸಹಿ ದಾಖಲೆಯಲ್ಲಿರೋ ಸಹಿಗೆ ತಾಳೆಯಾಗುತ್ತಿಲ್ಲವಂತೆ. ಅವರು ಕನ್ನಡದಲ್ಲಿ ಸಹಿ ಹಾಕೋದು, ಕೈ ಸ್ವಲ್ಪ ನಡುಗುತ್ತೆ, ಒಂದು ದಿನದ ಕೊಂಬು ಇನ್ನೊಂದು ದಿನ ಇರಲ್ಲ. ಫಾರ್ಮ್ ತುಂಬಿ ಮತ್ತೆ ಸಹಿ ಹಾಕಿಸಿ ಕಳಿಸಬೇಕು. ಫೋನ್ ಮಾಡಿದರೆ 40 ನಿಮಿಷ ಸಂಗೀತ. ಇದೇ ನಗರದಲ್ಲಿ ನಮ್ಮ ಬೀದಿಯ ತಿರುವಿನ ದೀಪ ಕೆಟ್ಟು ಎರಡು ಚಳಿಗಾಲ ಕಳೀತು, ಮೂರು ಸಲ ದೂರು ಕೊಟ್ಟಿದ್ದೀನಿ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಎಪ್ಪತ್ನಾಲ್ಕರ ಅಜ್ಜಿಯ ಕೊಂಬು ಮಾತ್ರ ಬಿತ್ತು!

ಇನ್ನು ನಿಮ್ಮ ವರದಿಯ ನಾಯಕರ, ಅಂದರೆ ಆ ಕೌನ್ಸಿಲ್ ಅಭ್ಯರ್ಥಿಯ ಬಗ್ಗೆ. ‘ಅನುಭವಿ, ಮರಳಿ ಜನಸೇವೆಗೆ’ ಅಂತ ಬರೆದಿದ್ದೀರಿ. ಮರಳಿ ಯಾಕೆ ಬಂದರು ಅಂತ ಬರೆದಿಲ್ಲ. ಒಬ್ಬರು ಎಷ್ಟು ಕಾಲ ಕೂರಬಹುದು ಅನ್ನೋ ಟರ್ಮ್ ಲಿಮಿಟ್ ಪ್ರಕಾರ ನಮ್ಮ ನಗರದಲ್ಲಿ ಸತತವಾಗಿ ಎರಡೇ ಅವಧಿ, ಎಂಟು ವರ್ಷ. ‘ಸತತವಾಗಿ’ ಅನ್ನೋ ಪದದಲ್ಲೇ ಆನೆ ನುಗ್ಗುವಷ್ಟು ಬಾಗಿಲಿದೆ. ಎಂಟು ವರ್ಷ ಕೂತರು, ನಾಲ್ಕು ವರ್ಷ ರಜೆ ಹಾಕಿದರು, ಈಗ ಮತ್ತೆ ಹಾಜರ್. ಈ ರಾಜ್ಯದ ಕಥೆಯೇ ಹೀಗೆ. 1990ರಲ್ಲಿ ಜನ ಓಟು ಹಾಕಿ ರಾಜ್ಯದ ಎರಡು ಸದನಗಳಾದ ಅಸೆಂಬ್ಲಿಗೆ ಆರು ವರ್ಷ, ಸೆನೆಟ್‌ಗೆ ಎಂಟು ವರ್ಷ ಅಂತ ಮಿತಿ ಹಾಕಿದರು. ಇಲ್ಲಿ ಮುಗಿದವರು ಅಲ್ಲಿಗೆ ಹೊರಟರು, ಕುರ್ಚಿ ಆಟ. 2012ರಲ್ಲಿ ಎರಡೂ ಸೇರಿ 12 ವರ್ಷ ಅಂತ ಬದಲಾಯಿಸಿದರು. ಗವರ್ನರ್‌ಗೆ ಎರಡೇ ಸಲ ಅಂತಾರೆ, ಆದರೆ ಜೆರ್ರಿ ಬ್ರೌನ್ ನಾಲ್ಕು ಸಲ ಆದರು. ಅವರ ಮೊದಲ ಎರಡು ಅವಧಿ 1990ರ ಆ ಕಾನೂನಿಗಿಂತ ಹಿಂದಿನದು, ಲೆಕ್ಕಕ್ಕಿಲ್ಲ. ಪ್ರೆಸಿಡೆಂಟ್‌ಗೆ 1951ರಿಂದ ಎರಡು ಸಲದ ಗೆರೆ ಇದೆ, ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತಿನವರಿಗೆ ಗೆರೆಯೇ ಇಲ್ಲ. ರಾಜ್ಯಗಳು ಹಾಕೋಕೆ ಹೋದವು, 1995ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಆಗಲ್ಲ ಅಂದಿತು. ಆ ಕಾಂಗ್ರೆಸ್‌ನಲ್ಲಿ ನಮ್ಮ ಸೆನೆಟರ್ ಆಗಿದ್ದ ಡಯಾನ್ ಫೈನ್‌ಸ್ಟೈನ್ 2023ರಲ್ಲಿ ತೀರಿಕೊಂಡಾಗ 90 ವರ್ಷ, ಆಗಲೂ ಹುದ್ದೆಯಲ್ಲೇ ಇದ್ದರು. ಜಯನಗರದ ಭಾವನಿಗೆ ಇದನ್ನೆಲ್ಲ ಹೇಳಿದರೆ, ‘ನಿಮಗೆ ಎಲೆಕ್ಷನ್ನಾದ್ರೂ ನಡೆಯುತ್ತಲ್ಲಯ್ಯ’ ಅಂದರು. 2020ರಲ್ಲಿ ಬಿಬಿಎಂಪಿ ಅವಧಿ ಮುಗಿದ ಮೇಲೆ ಅಲ್ಲಿ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಆದರೆ ಅದು ಬೇರೆ ಜಗಳ.

ಪತ್ರಿಕೆಯವರಿಗೂ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಈ ಸಲ ಪ್ರೆಸಿಡೆಂಟ್ ಚುನಾವಣೆಗೆ ಯಾರನ್ನೂ ಎಂಡಾರ್ಸ್ ಮಾಡಲ್ಲ ಅಂದಾಗ ಎರಡೂವರೆ ಲಕ್ಷ ಜನ ಚಂದಾ ರದ್ದು ಮಾಡಿದರು ಅಂತ ಸುದ್ದಿಯಾಗಿತ್ತು. ಓದುಗರಿಗೆ ಅಷ್ಟು ರೋಷ ಇರುತ್ತೆ. ನಾನೂ ರದ್ದು ಮಾಡ್ತಿದ್ದೆ, ಆದರೆ ನಿಮ್ಮದು ಅಂಗಡಿಯಲ್ಲಿ ತೊಗರಿಬೇಳೆ ಮೂಟೆ ಪಕ್ಕ ಪುಕ್ಕಟೆ ಸಿಗೋ ಪತ್ರಿಕೆ, ಏನಂತ ರದ್ದು ಮಾಡಲಿ?

ಆದ್ದರಿಂದ ಒಂದೋ ಎಂಡಾರ್ಸ್‌ಮೆಂಟ್ ಸುದ್ದಿ ಹಾಕೋದನ್ನೇ ನಿಲ್ಲಿಸಿ, ಇಲ್ಲ ಹಾಕೋದಾದರೆ ನಕ್ಷತ್ರನ ಬೆಳದಿಂಗಳಿನ ಚಂದ್ರನಷ್ಟು ದೊಡ್ಡದಾಗಿ ಹಾಕಿ. ಸರ್ಕಾರದವರೂ ಈ ಕಾರ್ಡುಗಳಿಗೆ ಏನಾದರೂ ಮಾಡಬೇಕು, ಮಿತಿನೂ ಸರಿಯಾಗಿ ಹಾಕಬೇಕು, ಆ ದೀಪಾನೂ ನೋಡಬೇಕು. ಪತ್ರಕರ್ತರು ಅನ್ನಿಸಿಕೊಂಡವರು ಕಾರ್ಡನ್ನು ಒಂದು ಸಲ ತಿರುಗಿಸಿ ನೋಡೋದು ಬೇಡ್ವಾ? ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳಿಗೆ ಕಾಣಿಸ್ತು.

ಇತಿ,
ತಪ್ಪು ಓಟು ಹಾಕಿದ ಓದುಗ, ಬೇ ಏರಿಯಾ