ಬಾಯಿ ತೆರೆಸುವ ಮೊದಲು

ಚಿ. ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೊಸ ಕ್ಲಿನಿಕ್ಕಿನ ಫೋಟೊ ನೋಡಿದೆ. ‘ಮಕ್ಕಳ ದಂತವೈದ್ಯರು’ ಅಂತ ನಿನ್ನ ಹೆಸರಿನ ಕೆಳಗೆ ಓದಿ ಕಣ್ತುಂಬಿ ಬಂತು. ದೊಡ್ಡವರ ಕೈಯಲ್ಲೇ ಹಿಂಸೆಪಟ್ಟು ನಮ್ಮ ಬಳಿ ಬರುವ ಮಕ್ಕಳ ಬಗ್ಗೆ ಫೋನಿನಲ್ಲಿ ಹೇಳಲಾಗದ ಒಂದು ಮಾತಿದೆ, ಅದಕ್ಕೇ ಈ ಕಾಗದ.

ನಾನು ತಾಲ್ಲೂಕು ಆಸ್ಪತ್ರೆಗೆ ಸೇರಿದ ಹೊಸತು. ನಾಲ್ಕು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಮೇಲ್ದುಟಿಯನ್ನು ವಸಡಿಗೆ ಹಿಡಿದಿಡುವ ಎಳೆ, ಫ್ರೀನಮ್, ಹರಿದು ರಕ್ತ ಸೋರುತ್ತಿತ್ತು. ಮೆಟ್ಟಿಲಿಂದ ಉರುಳಿದ ಅಂದರು. ಹತ್ತಿ ಒತ್ತಿ ರಕ್ತ ನಿಲ್ಲಿಸಿ, ಔಷಧಿ ಬರೆದೆ. ಕುರ್ಚಿಯಿಂದ ಇಳಿಯುವಾಗ ಅವನ ಮಂಡಿ ಕಂಡಿತು. ಒಂದು ಗೀರೂ ಇಲ್ಲ. ಅಂಗೈ ತರಚಿಲ್ಲ. ಕಿವಿಯ ಹಿಂದೆ ಮಾತ್ರ ಹಳದಿಗೆ ತಿರುಗಿದ, ಕಂದಿದ ಕಲೆ. ನೋಡಿದೆ, ಮುಂದಿನವರನ್ನು ಕರೆದೆ. ಆ ಹುಡುಗ ಮತ್ತೆ ಬರಲಿಲ್ಲ. ಆ ಮಂಡಿಗಳು ಇವತ್ತಿಗೂ ನನ್ನ ಕಣ್ಣ ಮುಂದಿವೆ, ಪುಟ್ಟಿ.

ನೀನು ಹಾಗೆ ಮಾಡಬೇಡ. ಬಾಯಿ ತೆರೆಸುವ ಮೊದಲು ಮಗು ನಡೆದುಬರುವುದನ್ನು ನೋಡು. ಆಡುತ್ತ ಬಿದ್ದರೆ ಸಾಮಾನ್ಯವಾಗಿ ಪೆಟ್ಟಾಗುವುದು ಮೂಳೆ ಉಬ್ಬಿದ ಕಡೆ: ಹಣೆ, ಮೂಗು, ಗದ್ದ, ಮಂಡಿ. ಕಿವಿ, ಕತ್ತು, ಕೆನ್ನೆಯ ಮೆತ್ತನೆಯ ಭಾಗ ಕಂದಿದ್ದರೆ ಯೋಚಿಸು. ಹೆಜ್ಜೆಯಿಡಲು ಕಲಿಯುವ ಕೂಸು ಬಿದ್ದು ಫ್ರೀನಮ್ ಹರಿದುಕೊಳ್ಳಬಹುದು. ಇನ್ನೂ ಅಂಬೆಗಾಲಿಡದ ಕೂಸಿಗೆ ಹರಿದದ್ದು ಹೇಗೆ? ಬಾಯಿಯ ಮೂಲೆಯಲ್ಲಿ ಬಟ್ಟೆ ಬಿಗಿದ ಗುರುತು, ಅಂಗುಳಲ್ಲಿ ಕಾರಣ ತಿಳಿಯದ ಕೆಂಪು ಚುಕ್ಕೆ ಕಂಡರೂ ಅಷ್ಟೆ. ಆ ಚುಕ್ಕೆಗಳ ಹಿಂದೆ ಲೈಂಗಿಕ ದೌರ್ಜನ್ಯವಿರಬಹುದು. ಯಾವ ಒಂದು ಗುರುತೂ ತಾನೇ ಸಾಕ್ಷಿಯಾಗದು. ಗಾಯಕ್ಕೂ ದೊಡ್ಡವರು ಹೇಳುವುದಕ್ಕೂ ತಾಳೆಯಾಗದಿದ್ದರೆ ಮಾತ್ರ ಸುಮ್ಮನೆ ಮುಂದೆ ಹೋಗಬೇಡ.

ಬಾಯಿ ತುಂಬ ಹುಳುಕು ಹಲ್ಲಿದೆ ಅಂತ ತಾಯಿಯನ್ನು ಕಳ್ಳಿಯ ಹಾಗೆ ನೋಡಬೇಡ. ಒಂದು ದಿನ ಕೂಲಿ ಬಿಟ್ಟರೆ ಒಲೆ ಉರಿಯದ ಮನೆಗಳಿವೆ. ತಿಳಿಸಿ ಹೇಳಿ, ದಾರಿ ತೋರಿಸಿದ ಮೇಲೂ ಮಗುವಿನ ನೋವನ್ನು ಯಾರೂ ಕೇಳದಿದ್ದರೆ ಅದು ಬೇರೆ ಮಾತು.

ಮಗುವಿನ ಬಾಯಿಗೆ ನೀನು ಮಾತು ತುರುಕಬೇಡ. ‘ಅಪ್ಪ ಹೊಡೆದರಾ?’ ಅನ್ನಬೇಡ. ‘ಏನಾಯ್ತು ಕಂದಾ?’ ಅಂದು ಕಾಯಿ. ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ, ತಾರೀಖು ಹಾಕಿ ಬರೆದಿಡು. ಗಾಯದ ಅಳತೆಯನ್ನೂ ಬರೆ.

ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, ನಡೆಯಬಹುದೆಂಬ ಆತಂಕವಿದ್ದರೂ, 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ಹೇಳಲೇಬೇಕು. ಒಳ್ಳೆಯ ಮನಸ್ಸಿನಿಂದ ಹೇಳಿದವರಿಗೆ ಅದೇ ಕಲಮು ರಕ್ಷಣೆ ಕೊಡುತ್ತದೆ. ಹೊಡೆತ, ಬರೆ, ಉಪವಾಸ ಕೆಡವಿದ ಸಂಶಯವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಿದೆ. ಬಂದವರು ಊರಿನ ಗಣ್ಯರಾಗಿರಬಹುದು, ನಿಮ್ಮಪ್ಪನ ಸ್ನೇಹಿತರೂ ಆಗಿರಬಹುದು. ಆಗ ಕೈ ನಡುಗುತ್ತದೆ. ನಡುಗಿದರೂ ಫೋನ್ ಮಾಡು. ತಪ್ಪು ಯಾರದು ಅಂತ ತೀರ್ಮಾನಿಸುವ ಹೊರೆ ನಿನ್ನದಲ್ಲ.

ಕೌಂಟರಿನಲ್ಲಿ ಕೂರುವ ಹುಡುಗಿಗೂ ಇದನ್ನೆಲ್ಲ ಹೇಳಿಕೊಡು. ಬೆಂಚಿನ ಮೇಲೆ ಕಾಯುವಾಗ ಮಗು ಯಾರ ಪಕ್ಕ ಮುದುಡಿಕೊಂಡಿತ್ತು ಅನ್ನುವುದು ಮೊದಲು ಕಾಣುವುದು ಅವಳಿಗೇ. ದೀಪಾವಳಿಗೆ ಬರುತ್ತೇನೆ, ಮಿಕ್ಕದ್ದು ಕೂತು ಮಾತಾಡೋಣ.

ನಿನ್ನ ಪ್ರೀತಿಯ
ದೊಡ್ಡಮ್ಮ